ಮಮೀತಾ ಹಿಡಿದ ಮಕ್ಕಳು

ಹಸಿಂತಾಳ ಮನೆಗೆ ಹೋದವರು ಎರಡರಿಂದ ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ಒಂದು, ಒಣಗಿಸಿದ ಆಲೂಗಡ್ಡೆ ಹಾಕಿ ಕುದಿಸಿದ ಅವಳ ಗಟ್ಟಿ ಸಾರು. ಇನ್ನೊಂದು, ಅವಳ ಮಗ ಎಲ್ಮೆರ್ ಕುಣಿದ ವರ್ಷದ ಕಥೆ. ಸಾರು ಬೇಡ ಅಂದರೆ ಒಂದೊಂದು ಸಲ ಬಿಟ್ಟಾಳು, ಕಥೆ ಬೇಡ ಅನ್ನುವ ಧೈರ್ಯ ಮಾತ್ರ ಯಾರಿಗೂ ಇರಲಿಲ್ಲ. ಮಗನನ್ನು ಕಳೆದುಕೊಂಡ ತಾಯಿಯ ಬಾಯಿ ಮುಚ್ಚಿಸುವಷ್ಟು ಕಲ್ಲು ಮನಸ್ಸಿನವರು ಬೆಟ್ಟದ ಸೀಮೆಯ ಸರೋವರದ ದಂಡೆಯ ನಮ್ಮ ಪೂನೋ ಊರಲ್ಲಿ ಇನ್ನೂ ಹುಟ್ಟಿಲ್ಲ.

"ಅವನು ಕುಣೀತಿದ್ರೆ ಬ್ಯಾಂಡಿನೋರು ಊದೋದು ಮರೆತು ನೋಡ್ತಿದ್ರು," ಅಂತ ಶುರು ಮಾಡುತ್ತಿದ್ದಳು. "ಮಮೀತಾ ಹಿಡಿದಿದ್ಲು ಅವನನ್ನ. ಇದು ನನ್ನ ಮಾತಲ್ಲ, ಇಡೀ ಊರೇ ಆಡಿದ ಮಾತು."

ಮಮೀತಾ ಅಂದರೆ ನಮ್ಮ ಚರ್ಚಿನ ದೇವಮಾತೆ, ಕಂದೇಲಾರಿಯಾ ಮಾತೆ. ಫೆಬ್ರವರಿಯ ಮಳೆಯಲ್ಲಿ ಅವಳ ಹಬ್ಬ ಬರುತ್ತದೆ. ಮೂರು ವರ್ಷ ಕುಣಿಯುತ್ತೇನೆ ಎಂದು ಹರಕೆ ಹೊತ್ತವರು ಆಳೆತ್ತರದ ಮುಖವಾಡ ಹೊತ್ತು, ಗೆಜ್ಜೆ ಬೂಟು ತೊಟ್ಟು ಕಲ್ಲು ಹಾಸಿನ ಬೀದಿ ಬೀದಿ ಕುಣಿಯುತ್ತಾರೆ. ಸಾವಿರಾರು ಮಂದಿ ಕುಣಿದರೂ ಯಾವುದೋ ಒಂದು ಮಗುವಿನ ಮೈಯಲ್ಲಿ ದಣಿವೇ ಕಾಣುವುದಿಲ್ಲ. ಅದು ನಿದ್ದೆ ಕೇಳುವುದಿಲ್ಲ, ಅನ್ನ ಕೇಳುವುದಿಲ್ಲ, ಕಣ್ಣು ಫಳಫಳ ಅನ್ನುತ್ತಿರುತ್ತದೆ. ಅಂಥ ಮಗುವನ್ನು ಕಂಡರೆ ಮುದುಕಿಯರು ಶಿಲುಬೆಯ ಗುರುತು ಹಾಕಿಕೊಂಡು, ಇದನ್ನ ಮಮೀತಾ ಹಿಡಿದಳು, ಅನ್ನುತ್ತಾರೆ. ನಮ್ಮಲ್ಲಿ ಹೆತ್ತವಳಿಗೆ ಅದಕ್ಕಿಂತ ದೊಡ್ಡ ಮರ್ಯಾದೆ ಇಲ್ಲ.

ಹಸಿಂತಾ ಈ ಕಥೆ ಶುರು ಮಾಡಿದಳೋ, ಅವಳ ಮಗಳು ಸಬೀನಾ ಎದ್ದು ಹಿತ್ತಲಿಗೆ ಹೋಗುತ್ತಿದ್ದಳು. ತಮ್ಮನ ನೆನಪು, ಕರುಳು ತಡೆಯುವುದಿಲ್ಲ ಪಾಪ ಅಂತ ಬಂದವರು ಅಂದುಕೊಳ್ಳುತ್ತಿದ್ದರು. ಕರುಳಿನ ಮಾತು ನಿಜವೇ. ಆದರೆ ಅವಳು ಎದ್ದು ಹೋಗುತ್ತಿದ್ದದ್ದು ಬೇರೆ ಕಾರಣಕ್ಕೆ. ತಾಯಿ ಹೇಳುತ್ತಿದ್ದ ಆ ವರ್ಷಕ್ಕೆ ಇನ್ನೊಂದು ಹೆಸರಿದೆ, ಅದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಹತ್ತು ವರ್ಷ ಬಾಯಿ ಹೊಲಿದುಕೊಂಡಿದ್ದಳು.

ಸಬೀನಾ ಚಂಬಿಲ್ಲಾ ರಾಜಧಾನಿ ಲೀಮಾದ ಒಂದು ಸಂಸ್ಥೆಯಲ್ಲಿ ಮಿದುಳಿನ ಸಂಶೋಧನೆ ಮಾಡುವವಳು. ಹನ್ನೆರಡು ತುಂಬಿ ಇಪ್ಪತ್ತು ಮುಟ್ಟದ ಹುಡುಗ ಹುಡುಗಿಯರ ಮನಸ್ಸು ಯಾಕೆ ತಳ ಕಾಣದ ದುಃಖಕ್ಕೆ ಬೀಳುತ್ತದೆ, ಯಾಕೆ ಒಮ್ಮೊಮ್ಮೆ ಆಕಾಶಕ್ಕೆ ಹಾರುತ್ತದೆ, ಆಗ ಮಿದುಳಿನ ಒಳಗೆ ಏನಾಗುತ್ತಿರುತ್ತದೆ ಅನ್ನುವುದೇ ಅವಳ ಕೆಲಸ. ಬೀದಿಯವರಿಗೆ ಇದೆಲ್ಲ ಎಲ್ಲಿ ಹೊಳೆಯಬೇಕು? "ಸಿರೀಲೋ ಮಗಳಾ? ತಲೆಬುರುಡೆ ಒಳಗಿನ ಫೋಟೋ ತೆಗೀತಾಳಂತೆ," ಅನ್ನುತ್ತಿದ್ದರು. "ಮದುವೆ ಫೋಟೋ ತೆಗೆದಿದ್ರೆ ಇಷ್ಟೊತ್ತಿಗೆ ಮನೆ ಕಟ್ಟಿಸಿರೋಳು," ಅಂತ ಒಬ್ಬರು ಸೇರಿಸುತ್ತಿದ್ದರು. ಅವಳೂ ನಗುತ್ತಿದ್ದಳು.

ಅವಳ ಅಪ್ಪ ಸಿರೀಲೋ ಕಸೂತಿಯವನು. ಕುಣಿತದ ತಂಡಗಳಿಗೆ ಜರಿಯ ಮೇಲಂಗಿ, ಮಣಿ ಹೊಲಿದ ಪಟ್ಟಿ ಮಾಡಿಕೊಡುವುದು ಆ ಮನೆಯ ಕಸುಬು. ಅಲ್ಲಿ ಮಕ್ಕಳು ಅಂಬೆಗಾಲಿಡುವಾಗಲೇ ಮಂಡಿಗೆ ಮಣಿ ಚುಚ್ಚಿಸಿಕೊಂಡು ಬೆಳೆದವು. ಸಬೀನಾ ಬಾಯಿಬಡುಕಿ, ಅವಳಿಗಿಂತ ನಾಲ್ಕು ವರ್ಷ ಚಿಕ್ಕವನಾದ ಎಲ್ಮೆರ್ ಮೂಗಬಸವ. ಮಾತಾಡು ಅಂದರೆ ಅರ್ಧ ಮಾತಾಡಿ ಸೂಜಿಗೆ ದಾರ ಪೋಣಿಸುತ್ತ ಕೂತುಬಿಡುತ್ತಿದ್ದ. "ಇವನಿಗೆ ದೇವರು ನಾಲಿಗೆ ಕೊಡೋ ಹೊತ್ತಿಗೆ ನೀನು ಎರಡೂ ಬಾಚ್ಕೊಂಡು ಬಂದಿದ್ದೆ," ಅಂತ ಅಪ್ಪ ಮಗಳನ್ನು ಛೇಡಿಸುತ್ತಿದ್ದ.

ಹದಿನೈದು ತುಂಬಿದ ವರ್ಷ ಎಲ್ಮೆರ್ ಬೀದಿಯ ಹುಡುಗರ ತಂಡ ಸೇರಿದ. ಜನವರಿಯ ತಾಲೀಮಿನಲ್ಲಿ ಎಲ್ಲರ ಹಾಗೆ ಇದ್ದವನು ಹಬ್ಬ ಹತ್ತಿರ ಬಂದಂತೆ ಬೇರೆಯೇ ಹುಡುಗನಾದ. ಹಗಲೆಲ್ಲ ಕುಣಿದು ಬಂದು, ಅಪ್ಪ ಅರ್ಧಕ್ಕೆ ಬಿಟ್ಟ ಮೇಲಂಗಿಗಳನ್ನು ಬೆಳಗಾಗುವುದರೊಳಗೆ ಮುಗಿಸಿಡುತ್ತಿದ್ದ. ಅದೂ ಎಂಥ ಕೆಲಸ! ಅಪ್ಪ ಕನಸಲ್ಲೂ ಕಾಣದ ಹಾವು, ಹಕ್ಕಿ, ನಕ್ಷತ್ರ. ಮೂಗಬಸವ ಹೋಗಿ ಮಾತಿನ ಮಲ್ಲನಾದ. ಒಂದು ಮಾತು ಮುಗಿಯುವ ಮೊದಲೇ ಇನ್ನೊಂದಕ್ಕೆ ಹಾರುತ್ತಿದ್ದ. ಹೊಸ ಕೋಟು ಬಿಚ್ಚಿ ದಾರಿಯಲ್ಲಿ ಹೋಗುವವನಿಗೆ ಹೊದಿಸಿ ಬಂದ. ಪೂನೋದಿಂದ ಲೀಮಾದವರೆಗೆ ಮಮೀತಾಳ ಹೆಸರಲ್ಲಿ ಕಸೂತಿ ಶಾಲೆ ತೆರೆಯುತ್ತೇನೆ ಅಂದ. ಮೆರವಣಿಗೆಯ ದಿನ ಆಲಿಕಲ್ಲು ಬಿದ್ದು ಮಿಕ್ಕವರು ಸೂರು ಹುಡುಕಿಕೊಂಡು ಓಡಿದಾಗ, ಅವನೊಬ್ಬನೇ ಬೀದಿಯ ನಡುವೆ ಎಗರಿ ಎಗರಿ ಕುಣಿದ. ಮುದುಕಿಯರು ಅವನ ಅಂಗಿಯ ಅಂಚು ಮುಟ್ಟಿ ಕಣ್ಣಿಗೊತ್ತಿಕೊಂಡರು. ಹಸಿಂತಾ ಅವತ್ತು ನೆಲದ ಮೇಲೆ ನಡೆಯಲಿಲ್ಲ.

ಮಾರ್ಚ್ ಬಂತು. ಹುಡುಗ ಹಾಸಿಗೆ ಹಿಡಿದ.

ಮೈಯಲ್ಲಿ ಜ್ವರವಿಲ್ಲ, ನೋವಿಲ್ಲ. ಗೋಡೆಗೆ ಮುಖ ಮಾಡಿ ಮಲಗಿದವನು ಹೊರಳಲಿಲ್ಲ. ಕುಣಿಯುವಾಗ ಎಲ್ಲೋ ಬೆಚ್ಚಿಬಿದ್ದಿದ್ದಾನೆ, ಜೀವ ಅಲ್ಲೇ ಉಳಿದುಬಿಟ್ಟಿದೆ ಅಂತ ಮನೆಯವರು ತಿಳಿದರು. ನಮ್ಮಲ್ಲಿ ಹಾಗಾದಾಗ ಮಾಡುವುದು ಒಂದೇ. ಅವನು ಕುಣಿದ ಬೀದಿಯಲ್ಲಿ ಅವನ ಅಂಗಿಯನ್ನು ಬೀಸುತ್ತ ಹಸಿಂತಾ, "ಬಾರೋ ಎಲ್ಮೆರ್, ಮನೆಗೆ ಹೋಗಣ, ಬಾರೋ ಕಂದಾ," ಅಂತ ಕರೆಯುತ್ತ ಬಂದಳು. ಅಂಗಿಯನ್ನು ತಂದು ಅವನ ಮೇಲೆ ಹೊದಿಸಿದಳು. ಜೀವ ಬರಲಿಲ್ಲ. ಕೊನೆಗೆ ಸಬೀನಾ ತಾನು ಓದುತ್ತಿದ್ದ ಅರೆಕೀಪಾದಿಂದ ಬಂದು, ಹಟ ಹಿಡಿದು, ತಮ್ಮನನ್ನೂ ತಾಯಿಯನ್ನೂ ಹುಲಿಯಾಕಾದ ಡಾಕ್ಟರೊಬ್ಬರ ಹತ್ತಿರ ಕರೆದುಕೊಂಡು ಹೋದಳು.

ಡಾಕ್ಟರು ಒಳ್ಳೆಯವರೇ. ಕೇಳಬೇಕಾದ್ದನ್ನೆಲ್ಲ ಕೇಳಿದರು. "ಇದಕ್ಕೂ ಮುಂಚೆ ಯಾವತ್ತಾದ್ರೂ ಅತಿಯಾದ ಖುಷಿ, ನಿದ್ದೆ ಬೇಡ, ಸುಸ್ತಿಲ್ಲ, ಮಾತು ನಿಲ್ಲಲ್ಲ, ಹಾಗೆ ಇದ್ದಿದ್ದುಂಟಾ?"

"ಇಲ್ಲ ಡಾಕ್ಟ್ರೇ," ಅಂದಳು ಹಸಿಂತಾ. "ಚೆನ್ನಾಗಿದ್ದ. ಹಬ್ಬದಲ್ಲಿ ಕುಣಿದ. ಆಮೇಲೆ ಹಿಂಗಾದ."

ಹಬ್ಬಕ್ಕೆ ಬಂದು ತಮ್ಮನನ್ನು ಕಣ್ಣಾರೆ ಕಂಡಿದ್ದ ಸಬೀನಾ ಪಕ್ಕದಲ್ಲಿ ಕೂತು ತಾನೂ ಇಲ್ಲ ಅಂತ ತಲೆ ಆಡಿಸಿದಳು. ಸುಳ್ಳು ಹೇಳಬೇಕು ಅಂತ ಅವರಿಬ್ಬರಲ್ಲಿ ಯಾರೂ ಹೇಳಿದ್ದಲ್ಲ. ಮಮೀತಾ ಕೊಟ್ಟ ವರವನ್ನು ಡಾಕ್ಟರ ಮುಂದೆ ಯಾರಾದರೂ ದೂರುತ್ತಾರೆಯೇ? ಹೊಟ್ಟೆನೋವನ್ನು ಹೇಳುತ್ತೇವೆ, ಹಬ್ಬದ ಊಟವನ್ನು ಹೇಳುತ್ತೇವೆಯೇ? ಡಾಕ್ಟರು ದುಃಖಕ್ಕೆ ಕೊಡುವ ಮಾತ್ರೆ ಬರೆದರು. ಬರೀ ದುಃಖವಾಗಿದ್ದರೆ ಅದೇ ಸರಿಯಾದ ಔಷಧಿ. ಈ ಹುಡುಗನದು ಎರಡು ಮುಖದ ಕಾಯಿಲೆ. ಅಂಥವರಿಗೆ ಆ ಮಾತ್ರೆಯನ್ನು ಒಂಟಿಯಾಗಿ ಕೊಟ್ಟರೆ ಕುಸಿದ ಮನಸ್ಸನ್ನು ಎತ್ತಿ ಇನ್ನೊಂದು ತುದಿಗೆ ಎಸೆದುಬಿಡಬಹುದು.

ಎಲ್ಮೆರ್ ನಿಧಾನಕ್ಕೆ ಎದ್ದು ಕೂತ. ಊಟ ಮಾಡಿದ. ಕ್ರಿಸ್‌ಮಸ್ ಹೊತ್ತಿಗೆ ನಗತೊಡಗಿದ. ಮುಂದಿನ ವರ್ಷದ ಫೆಬ್ರವರಿಯಲ್ಲಿ ಮತ್ತೆ ಹಿಡಿಯಿತು, ಮೊದಲಿನ ಎರಡರಷ್ಟು. ಊರು ಮತ್ತೆ ಕೈ ಮುಗಿಯಿತು. ಹಬ್ಬ ಮುಗಿಯುವ ಮುಂಚಿನ ದಿನ ಬೆಳಗ್ಗೆ ಅವನು ಕುಣಿತದ ಅಂಗಿಯಲ್ಲೇ ಸರೋವರದ ಕಡೆ ಹೋದ. ಮಮೀತಾ ನೀರಿನ ಮೇಲೆ ನಡೆಸುತ್ತಾಳೆ, ದ್ವೀಪದವರಿಗೂ ಕುಣಿದು ತೋರಿಸಿ ಬರುತ್ತೇನೆ ಅಂತ ದಾರಿಯಲ್ಲಿ ಸಿಕ್ಕವರಿಗೆಲ್ಲ ಹೇಳಿಕೊಂಡು ಹೋದನಂತೆ. ಅವರು ನಕ್ಕು, ಹೋಗಿ ಬಾ ಅಂದರಂತೆ. ಮೀನುಗಾರರು ಜೊಂಡಿನ ನಡುವೆ ಅವನನ್ನು ಕಂಡಾಗ ಹಬ್ಬ ಮುಗಿದಿತ್ತು.

ಮಮೀತಾ ತನ್ನ ಮಗನನ್ನು ತಾನೇ ಕರೆದುಕೊಂಡಳು ಅಂತ ಪಾದ್ರಿಯಿಂದ ಹಿಡಿದು ಬ್ರೆಡ್ ಮಾರುವವಳವರೆಗೆ ಎಲ್ಲರೂ ಹಸಿಂತಾಳಿಗೆ ಹೇಳಿದರು. ಅವಳು ಆ ಮಾತನ್ನು ಹಿಡಿದುಕೊಂಡು ಬದುಕಿದಳು. ಅದಿಲ್ಲದಿದ್ದರೆ ಅವಳೂ ಆ ವರ್ಷವೇ ಹೋಗುತ್ತಿದ್ದಳು, ಇದರಲ್ಲಿ ನನಗಂತೂ ಅನುಮಾನವಿಲ್ಲ.

ಸಬೀನಾ ಓದಿಗೆ ವಾಪಸು ಹೋದಳು. ಜೀವಶಾಸ್ತ್ರ ಓದುತ್ತಿದ್ದವಳಿಗೆ ಆ ಮುಂದಿನ ವರ್ಷ ಮಿದುಳಿನ ಪಾಠವಿತ್ತು. ಒಂದು ಮಧ್ಯಾಹ್ನ ಮೇಷ್ಟ್ರು ಬೋರ್ಡಿನ ಮೇಲೆ ಏರುವ ಒಂದು ಗೆರೆ, ಇಳಿಯುವ ಒಂದು ಗೆರೆ ಎಳೆದು, ಎಳೆಯ ವಯಸ್ಸಿನಲ್ಲಿ ಶುರುವಾಗುವ ಏರಿಳಿತದ ಕಾಯಿಲೆಯ ಬಗ್ಗೆ ಹೇಳತೊಡಗಿದರು. ನಿದ್ದೆ ಬೇಕೆನಿಸುವುದಿಲ್ಲ. ಮಾತು ಹರಿಯುತ್ತದೆ. ಇದ್ದದ್ದನ್ನೆಲ್ಲ ಕೊಟ್ಟುಬಿಡುತ್ತಾರೆ. ದೇವರು ತನ್ನನ್ನೇ ಆರಿಸಿಕೊಂಡಿದ್ದಾನೆ ಅನ್ನುತ್ತಾರೆ. ಸುತ್ತಲಿನವರು ಎಲ್ಲ ಬರೆದುಕೊಳ್ಳುತ್ತಿದ್ದರು. ಸಬೀನಾಳ ಕೈ ನಿಂತುಹೋಯಿತು. ಮೇಷ್ಟ್ರು ಅವಳ ಮನೆಯ ಪಡಸಾಲೆಯಲ್ಲಿ ನಿಂತು, ಅವಳ ತಮ್ಮನನ್ನೇ ನೋಡಿ ಹೇಳುತ್ತಿದ್ದ ಹಾಗಿತ್ತು. ಪಾಠ ಮುಗಿದ ಮೇಲೂ ಮೆಟ್ಟಿಲ ಮೇಲೆ ಕೂತೇ ಇದ್ದಳು. ಒಂದು ಪ್ರಶ್ನೆಗೆ ಹೌದು ಅಂದಿದ್ದರೆ ಸಾಕಿತ್ತು. ತಲೆ ಆಡಿಸಿದ್ದಳಲ್ಲ, ಅದೇ ತಲೆಯನ್ನು ಗೋಡೆಗೆ ಚಚ್ಚಿಕೊಳ್ಳಬೇಕು ಅನ್ನಿಸಿತು. ಅಳು ಬರಲಿಲ್ಲ.

ಅಲ್ಲಿಂದಲೇ ಅವಳು ಈ ದಾರಿ ಹಿಡಿದದ್ದು. ಲೀಮಾಕ್ಕೆ ಹೋದಳು, ವಿದ್ಯಾರ್ಥಿವೇತನದಲ್ಲಿ ಓದಿದಳು, ಸಂಸ್ಥೆ ಸೇರಿದಳು. ಬೆಟ್ಟದ ಸೀಮೆಯ ಮಕ್ಕಳಲ್ಲಿ ಈ ಕಾಯಿಲೆಯೇ ಕಡಿಮೆ ಅಂತ ಅಲ್ಲಿ ದೊಡ್ಡವರೆಲ್ಲ ನಂಬಿದ್ದರು. "ನಿಮ್ಮ ಕಡೆ ಚಳಿ, ಬಡತನ. ಅಲ್ಲಿ ಇರೋದು ಬರೀ ದುಃಖ," ಅಂದರು ಅವಳ ಪ್ರೊಫೆಸರು. ಮಕ್ಕಳನ್ನು ಕೇಳಿದರೆ ಹೌದೆನ್ನಿಸುವ ಹಾಗೇ ಇತ್ತು. ಅತಿಯಾದ ಖುಷಿ ಇತ್ತಾ ಅಂದರೆ ಇಲ್ಲ. ನಿದ್ದೆಯಿಲ್ಲದ ಹುರುಪು ಇತ್ತಾ ಅಂದರೆ ಇಲ್ಲ. ತಾಯಂದಿರೂ ಇಲ್ಲ ಇಲ್ಲ ಅಂತ ತಲೆ ಆಡಿಸುತ್ತಿದ್ದರು. ಆ ತಲೆ ಆಡಿಸುವುದನ್ನು ಸಬೀನಾ ಬಲ್ಲಳು. ಅವಳು ಆ ಪ್ರಶ್ನೆಯನ್ನೇ ಕೈಬಿಟ್ಟಳು. ಅದರ ಬದಲು, "ಯಾವ ಹಬ್ಬದಲ್ಲಿ ನಿಮ್ಮ ಮಗು ಎಲ್ಲಕ್ಕಿಂತ ಚೆನ್ನಾಗಿ ಕುಣೀತು, ಹೇಳಿ ನೋಡೋಣ," ಅಂದಳು.

ಕಟ್ಟೆ ಒಡೆದ ಹಾಗೆ ಬಂತು ಉತ್ತರ. ಇಲಾವೆ ಊರಿಂದ ಬಂದ ಒಬ್ಬ ತಾಯಿ ಶಾಲು ಸರಿ ಮಾಡಿಕೊಂಡು, ಮುಖ ಅರಳಿಸಿಕೊಂಡು, "ಅಯ್ಯೋ, ಹೋದ ವರ್ಷ ನೋಡ್ಬೇಕಿತ್ತು ಕಣಮ್ಮ, ವಾರಗಟ್ಟಲೆ ಕಣ್ಣು ಮುಚ್ಚಲಿಲ್ಲ ನನ್ನ ಮಗಳು," ಅಂದಳು. ಹೀಗೇ ಒಬ್ಬರಾದ ಮೇಲೆ ಒಬ್ಬರು. ಆ ಮಕ್ಕಳ ಮಿದುಳಿನ ಚಿತ್ರ ತೆಗೆದು ನೋಡಿದಾಗ, ಮನಸ್ಸನ್ನು ಎಬ್ಬಿಸುವ ಭಾಗಕ್ಕೂ ಹಿಡಿದು ನಿಲ್ಲಿಸುವ ಭಾಗಕ್ಕೂ ನಡುವಿನ ಎಳೆಗಳು ಸಡಿಲವಾಗಿದ್ದಂತೆ ಕಂಡಿತು. ಆ ವಯಸ್ಸಿನಲ್ಲಿ ಯಾರಿಗೂ ಅವು ಪೂರ್ತಿ ಬಿಗಿದಿರುವುದಿಲ್ಲ, ಇವರಲ್ಲಿ ಇನ್ನೂ ಕಡಿಮೆ. ಪ್ರೊಫೆಸರು ಅವಳ ಬೆನ್ನು ತಟ್ಟಿದರು. ಸಬೀನಾಳಿಗೆ ಮಾತ್ರ ಅದು ಗೆದ್ದ ಕೆಲಸದ ಹಾಗೆ ಕಾಣಲಿಲ್ಲ. ತಾಯಿಯ ಮುಖ ಅರಳಿತು ಅಂದರೆ ಮಗುವಿಗೆ ಕಾಯಿಲೆ ಇದೆ ಅಂತ ಅರ್ಥ. ಆಮೇಲೆ ಆ ಅರಳಿದ ಮುಖಕ್ಕೆ ವಿಷಯ ಹೇಳಬೇಕಾದವಳೂ ಅವಳೇ.

ಬೇರೆ ಮಕ್ಕಳ ತಾಯಂದಿರಿಗೆಲ್ಲ ಹೇಳಿದಳು. ತನ್ನ ತಾಯಿಗೆ ಹೇಳಲಿಲ್ಲ. ಪ್ರತಿ ವರ್ಷ ಫೆಬ್ರವರಿಯಲ್ಲಿ ಬಂದು, ಸಾರು ಕುಡಿದು, ಕಥೆ ಶುರುವಾದಾಗ ಹಿತ್ತಲಿಗೆ ಹೋಗಿ ನಿಂತು, ಹೊರಟುಬಿಡುತ್ತಿದ್ದಳು. ಅವ್ವನಿಗೆ ಇರುವುದು ಅದೊಂದೇ, ಅದನ್ನೂ ಕಿತ್ತುಕೊಂಡರೆ ಏನು ಉಳಿಯುತ್ತದೆ ಅನ್ನುವುದು ಅವಳ ಲೆಕ್ಕ. ಈ ವರ್ಷದವರೆಗೆ ಆ ಲೆಕ್ಕ ಸರಿಯಾಗಿಯೇ ಇತ್ತು.

ಈ ವರ್ಷ ಯಾದೀರಾ ಕುಣಿಯುತ್ತಿದ್ದಳು.

ಎದುರು ಮನೆಯ ಫೆಲಿಸಿತಾಸಳ ಒಬ್ಬಳೇ ಮಗಳು ಯಾದೀರಾ, ಹದಿನೈದರ ಹುಡುಗಿ. ಅವಳ ಜ್ಞಾನಸ್ನಾನದ ದಿನ ಕೈಯಲ್ಲಿ ಹಿಡಿದು ನಿಂತು ದೇವರತಾಯಿ ಆದವಳು ಹಸಿಂತಾ. ಅವತ್ತಿನಿಂದ ಇಬ್ಬರು ಹೆಂಗಸರೂ ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆದದ್ದಿಲ್ಲ. ಹೆತ್ತತಾಯಿಗೆ ದೇವರತಾಯಿ ಕೊಮಾದ್ರೆ, ದೇವರತಾಯಿಗೆ ಹೆತ್ತತಾಯಿ ಕೊಮಾದ್ರೆ. ಅದು ಒಡಹುಟ್ಟಿದವರಿಗಿಂತ ಗಟ್ಟಿ ನಂಟು, ಮುರಿದರೆ ಪಾಪ. ಸಬೀನಾ ಬಸ್ಸಿಳಿದು ಬೀದಿಗೆ ಬಂದ ಕೂಡಲೇ ಯಾದೀರಾ ಓಡಿಬಂದು ತಬ್ಬಿಕೊಂಡಳು. ಮಳೆಯಲ್ಲಿ ಬರಿಗಾಲು. ಉಸಿರು ತೆಗೆದುಕೊಳ್ಳದೆ ಮಾತು. "ಅಕ್ಕಾ, ಈ ಸಲ ನಾನೇ ಮುಂದಿನ ಸಾಲು, ಗೊತ್ತಾ, ಮಮೀತಾ ನಂಜೊತೆ ಮಾತಾಡ್ತಾಳೆ, ನಿಂಗೆ ಹೇಳ್ಬೇಕು ಅಂತಿದ್ದೆ, ನಿಂಗೆ ಅಂತ ಒಂದು ಸ್ಕಾರ್ಫ್ ಹೆಣೆದೆ, ಇಲ್ಲ ಮೂರು, ಆದ್ರೆ ಕೊಟ್ಬಿಟ್ಟೆ ಯಾರಿಗೋ!" ಕಣ್ಣು ಫಳಫಳ ಅನ್ನುತ್ತಿತ್ತು.

ಸಬೀನಾ ಅಂದೇ ಎದುರು ಮನೆಗೆ ಹೋಗಿ ಕೇಳಿದಳು. ಹೋದ ಚಳಿಗಾಲ ಹುಡುಗಿ ಹಾಸಿಗೆ ಹಿಡಿದಿದ್ದು ನಿಜ. ಯಾವುದೋ ಕ್ಲಿನಿಕ್ಕಿನಲ್ಲಿ ದುಃಖದ ಮಾತ್ರೆ ಕೊಟ್ಟಿದ್ದೂ ನಿಜ. ಈಗಲೂ ನುಂಗುತ್ತಿದ್ದಾಳೆ.

"ಚಿಕ್ಕಮ್ಮ, ಅವಳನ್ನ ನಾಳೇನೇ ಅರೆಕೀಪಾಕ್ಕೆ ಕರ್ಕೊಂಡು ಹೋಗಿ. ನನಗೆ ಗೊತ್ತಿರೋ ಡಾಕ್ಟ್ರು ಇದಾರೆ, ಫೋನ್ ಮಾಡ್ತೀನಿ. ಈ ಮಾತ್ರೆ ಇವಳಿಗೆ ಒಗ್ಗಲ್ಲ. ಮೆರವಣಿಗೆಗೆ ಬಿಡಬೇಡಿ."

ಫೆಲಿಸಿತಾಸ್ ಬ್ರೆಡ್ಡು ಕತ್ತರಿಸುತ್ತಿದ್ದವಳು ಚಾಕು ಕೆಳಗಿಟ್ಟಳು. "ಯಾಕೆ, ಏನಾಗಿದೆ ಅವಳಿಗೆ? ವರ್ಷವೆಲ್ಲ ಹೆಣದ ಹಾಗೆ ಬಿದ್ದಿದ್ದೋಳು ಈಗ ನಗ್ತಾ ಇದಾಳೆ. ನಿನ್ನ ಕಣ್ಣು ಬಿತ್ತಾ?"

"ನಗೋದೇ ಕಾಯಿಲೆ, ಚಿಕ್ಕಮ್ಮ. ಈ ಥರ ನಗೋದು."

"ನೋಡು ಸಬೀನಾ, ಲೀಮಾ ನೀರು ಕುಡಿದೋರಿಗೆ ಮಮೀತಾ ಕೂಡ ಕಾಯಿಲೆ ಥರ ಕಾಣ್ತಾಳೆ ಅಂತ ಕಾಣುತ್ತೆ. ನಿನ್ನ ತಮ್ಮನ್ನ ಯಾರು ಹಿಡಿದಿದ್ರು? ಅದೂ ಕಾಯಿಲೇನಾ? ಹೋಗು, ನಿಮ್ಮವ್ವನ್ನೇ ಕೇಳ್ಕೊಂಡು ಬಾ. ನಮ್ಮ ಕೊಮಾದ್ರೆ ಬಂದು ಹೌದು ಅಂದ್ರೆ ಈಗಲೇ ಬಸ್ಸು ಹತ್ತಿಸ್ತೀನಿ. ನಿನ್ನ ಮಾತು ಕೇಳಿ ಅಲ್ಲ."

ಸಬೀನಾ ಬಾಗಿಲವರೆಗೆ ಬಂದ ಮೇಲೆ ಫೆಲಿಸಿತಾಸ್ ಮತ್ತೆ ಅಂದಳು, "ತಮ್ಮನ್ನ ಉಳಿಸ್ಕೊಳ್ಳಲಿಲ್ಲ ಅಂತ ಊರ ಮಕ್ಕಳಿಗೆಲ್ಲ ಕಾಯಿಲೆ ಅಂಟಿಸಬೇಡ ತಾಯಿ."

ಆ ಮಾತು ಎಲ್ಲಿ ತಾಗಬೇಕೋ ಅಲ್ಲೇ ತಾಗಿತು. ಮೆರವಣಿಗೆಗೆ ಮೂರೇ ದಿನ. ಹುಡುಗಿ ಬಿಸಿಲು ಮಳೆ ನೋಡದೆ ಸರೋವರದ ದಂಡೆಯಲ್ಲಿ ತಾಲೀಮು ಮಾಡುತ್ತಿದ್ದಳು. ಒಂದು ಕಡೆ ಆ ಹುಡುಗಿಯ ಜೀವ, ಇನ್ನೊಂದು ಕಡೆ ಅವ್ವನಿಗೆ ಉಳಿದ ಒಂದೇ ಒಂದು ಸುಖ. ಎರಡನ್ನೂ ಉಳಿಸುವ ದಾರಿ ಇದ್ದಿದ್ದರೆ ಸಬೀನಾ ಮೊಣಕಾಲಲ್ಲಿ ನಡೆದು ಹೋಗುತ್ತಿದ್ದಳು. ಇರಲಿಲ್ಲ.

ಮರುದಿನ ಬೆಳಗ್ಗೆ ಅಡುಗೆಮನೆಯಲ್ಲಿ ಹಸಿಂತಾ ನೆನೆಸಿದ ಒಣ ಆಲೂಗಡ್ಡೆಯ ಸಿಪ್ಪೆ ಹಿಂಡಿ ತೆಗೆಯುತ್ತಿದ್ದಳು. ಸಬೀನಾ ಎದುರಿಗೆ ಕೂತು ತಾನೂ ಒಂದು ಹಿಡಿ ತೆಗೆದುಕೊಂಡಳು.

"ಅವ್ವಾ, ಯಾದೀರಾನ್ನ ನೋಡಿದ್ಯಾ?"

"ನೋಡದೆ? ನನ್ನ ಮಗನ್ನ ನೋಡಿದ ಹಾಗೇ ಆಗುತ್ತೆ. ನಿನ್ನೆ ಮುತ್ತು ಕೊಟ್ಟು ಬಂದೆ."

"ಹೌದು ಅವ್ವ. ಎಲ್ಮೆರ್‌ಗೆ ಆಗಿದ್ದೇ ಅವಳಿಗೂ ಆಗಿರೋದು." ಸಬೀನಾ ಕೈಯಲ್ಲಿದ್ದ ಆಲೂಗಡ್ಡೆ ಕೆಳಗಿಟ್ಟಳು. "ಅದು ಮಮೀತಾ ಅಲ್ಲ. ಅದು ಕಾಯಿಲೆ. ಮಲಗಿದ್ನಲ್ಲ, ಅದು ಕಾಯಿಲೆಯ ಒಂದು ಮುಖ. ಕುಣಿದ್ನಲ್ಲ, ಅದು ಇನ್ನೊಂದು. ಅವತ್ತು ಹುಲಿಯಾಕಾದಲ್ಲಿ ಡಾಕ್ಟ್ರು ಕೇಳಿದ್ರು, ನಾವಿಬ್ರೂ ಇಲ್ಲ ಅಂದ್ವಿ. ಹೇಳಿದ್ರೆ ಬೇರೆ ಔಷಧಿ ಕೊಡ್ತಿದ್ರು."

ಹಸಿಂತಾಳ ಕೈ ನಿಲ್ಲಲಿಲ್ಲ. ಸಿಪ್ಪೆ ತೆಗೆಯುತ್ತಲೇ ಇದ್ದಳು.

"ಇದು ನಿನಗೆ ಯಾವಾಗ ಗೊತ್ತಾಯ್ತು?"

"ಅವನು ಹೋದ ಮುಂದಿನ ವರ್ಷ."

"ಇಷ್ಟು ವರ್ಷ ನಾನು ಬಂದೋರಿಗೆಲ್ಲ ಹೇಳ್ತಾ ಕೂತಿದ್ದೆ. ನೀನು ಕೇಳ್ತಾ ಇದ್ದೆ."

"ಹೂಂ."

"ಹಿತ್ತಲಿಗೆ ಹೋಗಿ ನಿಂತ್ಕೋತಿದ್ದೆ. ನಾನು ಅಳ್ತಿದಾಳೆ ಅಂದ್ಕೊಂಡಿದ್ದೆ." ಹಸಿಂತಾ ತಲೆ ಎತ್ತಿದಳು. "ಎದ್ದು ಹೋಗು ಇಲ್ಲಿಂದ. ನಿನ್ನ ಮುಖ ನೋಡೋಕಾಗಲ್ಲ ನನಗೆ."

ಸಬೀನಾ ಎದ್ದು ಅಪ್ಪನ ಕೋಣೆಗೆ ಹೋದಳು. ತೆಳ್ಳನೆಯ ಗೋಡೆ, ಸಿರೀಲೋ ಎಲ್ಲ ಕೇಳಿಸಿಕೊಂಡಿದ್ದ. ಚೌಕಟ್ಟಿಗೆ ಬಿಗಿದ ಮಖಮಲ್ಲಿನ ಮೇಲೆ ಸೂಜಿ ಚುಚ್ಚಿ ಹಾಗೇ ಬಿಟ್ಟಿದ್ದ. "ನಾನೂ ನೋಡ್ದೆ ಮಗಾ," ಅಂದ. "ಅವನು ಹೊಲಿದ ಹಕ್ಕಿ ನೋಡಿ ಒಂದ್ಸಲ ಭಯ ಆಯ್ತು ನಂಗೆ. ಮನುಷ್ಯ ಒಂದು ರಾತ್ರೀಲಿ ಮಾಡೋ ಕೆಲಸ ಅಲ್ಲ ಅದು. ಆದ್ರೆ ನಿಮ್ಮವ್ವ ಅಷ್ಟು ಸಂತೋಷವಾಗಿದ್ಲು. ಯಾಕೆ ಹೇಳ್ಲಿ ಅಂತ ಸುಮ್ನಾದೆ." ಮೂವರೂ ಆ ದಿನ ಮೂರು ಮೂಲೆಯಲ್ಲಿ ಕಳೆದರು. ಒಲೆಯ ಮೇಲಿನ ಸಾರು ತಣ್ಣಗಾಯಿತು, ಯಾರೂ ಬಡಿಸಿಕೊಳ್ಳಲಿಲ್ಲ.

ಮೆರವಣಿಗೆಯ ಮುಂಚಿನ ದಿನ ಹಸಿಂತಾ ಬೆಳಗ್ಗೆಯೇ ಕಪ್ಪು ಶಾಲು ಹೊದ್ದು ಟೋಪಿ ಇಟ್ಟು ಹೊರಟಳು. ಚರ್ಚಿಗೆ ಇರಬೇಕು ಅಂತ ಸಬೀನಾ ಅಂದುಕೊಂಡಳು. ಅವಳು ಬೀದಿ ದಾಟಿ ಎದುರು ಮನೆಯ ಬಾಗಿಲು ತಳ್ಳಿದಳು. ಸಬೀನಾ ಹಿಂದೆಯೇ ಓಡಿದಳು.

ಅಲ್ಲಿ ಹಬ್ಬದ ಮನೆ. ಅಕ್ಕಪಕ್ಕದ ಹೆಂಗಸರು ಯಾದೀರಾಳನ್ನು ನಡುವೆ ನಿಲ್ಲಿಸಿಕೊಂಡು ಲಂಗದ ಅಂಚು ಸರಿ ಮಾಡುತ್ತಿದ್ದರು. ಹುಡುಗಿ ಒಂದು ಕಡೆ ನಿಲ್ಲುತ್ತಿರಲಿಲ್ಲ. ಹಾಡುತ್ತಿದ್ದಳು, ನಗುತ್ತಿದ್ದಳು, ಯಾರದೋ ಟೋಪಿ ತೆಗೆದು ಯಾರ ತಲೆಗೋ ಇಡುತ್ತಿದ್ದಳು.

"ಬನ್ನಿ ಕೊಮಾದ್ರೆ," ಫೆಲಿಸಿತಾಸ್ ಮುಖವೆಲ್ಲ ನಗುವಾಗಿ ಬಂದಳು. "ನೀವೇ ಬಂದ್ರಲ್ಲ. ಹೇಳಿ ಇವಳಿಗೆ, ನಿಮ್ಮ ಮಗಳಿಗೆ. ಮಮೀತಾ ಹಿಡಿಯೋದು ಅಂದ್ರೆ ಏನು ಅಂತ ಹೇಳಿ."

ಹಸಿಂತಾ ಕೂರಲಿಲ್ಲ. ಕೈಗೆ ಕೊಟ್ಟ ಬಿಸಿ ಲೋಟ ಹಿಡಿದುಕೊಂಡು ನಿಂತೇ ಇದ್ದಳು. ಹೆಂಗಸರು ಎಲ್ಮೆರ್‌ನ ಕಥೆ ಕೇಳಲು ಸುಮ್ಮನಾದರು. ಅವರಿಗದು ಬಾಯಿಪಾಠ.

"ನನ್ನ ಮಗನ್ನ ಮಮೀತಾ ಹಿಡಿದಿರಲಿಲ್ಲ ಕೊಮಾದ್ರೆ," ಅಂದಳು ಹಸಿಂತಾ. "ಅವನಿಗೆ ಹುಷಾರಿರಲಿಲ್ಲ. ಕುಣಿಯೋವಾಗಲೂ ಹುಷಾರಿರಲಿಲ್ಲ. ಡಾಕ್ಟ್ರು ಕೇಳಿದ್ರು, ನಾನು ಮುಚ್ಚಿಟ್ಟೆ. ಹೆಮ್ಮೆ ನನಗೆ. ಕುಣೀತಾನೆ ಅಂತ ಹೆಮ್ಮೆ. ಅವನು ಸರೋವರಕ್ಕೆ ಹೋಗ್ತಿದೀನಿ ಅಂದಾಗ ನಕ್ಕೋರಲ್ಲಿ ನಾನೂ ಒಬ್ಳು. ಹೋಗಿ ಬಾ ಅಂತ ನಾನೇ ಕಳಿಸಿದ್ದು."

ಸಬೀನಾ ಆ ಕೊನೆಯ ಮಾತನ್ನು ಅವತ್ತೇ ಮೊದಲ ಸಲ ಕೇಳಿದ್ದು.

"ನೀವು ಕಳಿಸಬೇಡಿ," ಅಂದಳು ಹಸಿಂತಾ. "ನಾನು ಇವಳ ದೇವರತಾಯಿ. ನನ್ನ ಮಾತು ಕೇಳಿ."

ಯಾದೀರಾ ಇನ್ನೂ ಹಾಡುತ್ತಲೇ ಇದ್ದಳು. ಫೆಲಿಸಿತಾಸ್ ಮಗಳನ್ನು ನೋಡಿದಳು, ಹಸಿಂತಾಳನ್ನು ನೋಡಿದಳು. ಆಮೇಲೆ ಹೋಗಿ ಮಗಳ ಲಂಗದ ಕೊಂಡಿ ಬಿಚ್ಚತೊಡಗಿದಳು. ಹುಡುಗಿ ಕಿರುಚಿದಳು, ಕಚ್ಚಿದಳು, ಬಾಯಿಗೆ ಬಂದ ಹಾಗೆ ಬೈದಳು. ಮೂರು ಜನ ಹಿಡಿದು ಕಾರಿಗೆ ಹತ್ತಿಸಬೇಕಾಯಿತು. ಬೀದಿಯವರು ಹೊರಗೆ ಬಂದು ನಿಂತು, ಮಮೀತಾಳ ಬಾಯಿಂದ ಹುಡುಗಿಯನ್ನು ಕಿತ್ತುಕೊಂಡು ಹೋದರು, ಇನ್ನು ಈ ಬೀದಿಗೆ ಒಳ್ಳೆಯದಾಗುತ್ತದೆಯೇ ಅಂತ ಸಬೀನಾಳ ಕಿವಿಗೆ ಬೀಳುವ ಹಾಗೆಯೇ ಆಡಿಕೊಂಡರು. ಸಬೀನಾ ಡಾಕ್ಟರಿಗೆ ಫೋನು ಮಾಡಿ ಎಲ್ಲ ಹೇಳಿದಳು, ಏನೂ ಬಿಡದೆ.

ಮೆರವಣಿಗೆಯ ದಿನ ಅರೆಕೀಪಾದಿಂದ ಫೋನು ಬಂತು. ಹುಡುಗಿ ನಿದ್ದೆ ಮಾಡಿದ್ದಾಳೆ, ಎಷ್ಟೋ ದಿನದ ಮೇಲೆ ಮೊದಲ ನಿದ್ದೆ. ಔಷಧಿ ಬದಲಾಯಿಸಿದ್ದಾರೆ. ಸಬೀನಾ ಸುದ್ದಿಯನ್ನು ಅಡುಗೆಮನೆಗೆ ತಂದಳು. ಬ್ಯಾಂಡು ಬೀದಿಯ ತುದಿಯಲ್ಲಿ ಬಾರಿಸುತ್ತಿತ್ತು. ಈ ವರ್ಷ ಮೊದಲ ಬಾರಿಗೆ ಹಸಿಂತಾ ಬಾಗಿಲಿಗೆ ಹೋಗಿ ನಿಂತಿರಲಿಲ್ಲ. ಸಾರಿಗೆ ಈರುಳ್ಳಿ ಹೆಚ್ಚುತ್ತಿದ್ದಳು.

"ಒಳ್ಳೇದಾಯ್ತು," ಅಂದಳು.

ಸಬೀನಾ ಪಕ್ಕದಲ್ಲಿ ಕೂತಳು. ತಾಯಿ ಎದ್ದು ಹೋಗು ಅನ್ನಲಿಲ್ಲ. ಬ್ಯಾಂಡು ಹತ್ತಿರ ಬಂದು, ಮನೆ ಮುಂದೆ ಹಾದು, ದೂರವಾಯಿತು.

"ನಿಂಗೊಂದು ಹೇಳ್ತೀನಿ," ಅಂದಳು ಹಸಿಂತಾ. "ಯಾರಿಗೂ ಹೇಳಿಲ್ಲ. ನಿಮ್ಮಪ್ಪನಿಗೂ ಹೇಳಿಲ್ಲ. ಆ ಮೊದಲನೇ ವರ್ಷ, ಹಬ್ಬದ ಬೆಳಗ್ಗೆ, ನಾನಿಲ್ಲೇ ಒಲೆ ಮುಂದೆ ಇದ್ದೆ. ಹಿಂದಿನಿಂದ ಬಂದು ತಬ್ಕೊಂಡ. ಅವನು ಯಾವತ್ತು ತಬ್ಕೊಂಡೋನು, ಹೇಳು? ಮುಟ್ಟಿದ್ರೆ ಮುದುಡಿಕೊಳ್ಳೋನು. ತಬ್ಕೊಂಡು, ಅವ್ವಾ, ನಿನ್ನ ಹೊಟ್ಟೇಲಿ ಹುಟ್ಟಿದ್ದಕ್ಕೆ ನಂಗೆ ಖುಷಿ ಆಗ್ತಿದೆ ಅಂದ. ಅಷ್ಟೇ. ಹೊರಟುಹೋದ."

ಕೈಯಲ್ಲಿದ್ದ ಈರುಳ್ಳಿ ಕೆಳಗಿಟ್ಟು ಮಗಳ ಕಡೆ ತಿರುಗಿದಳು.

"ನೀನು ಓದಿದೋಳು. ಹೇಳು. ಅದು ಅವನು ಅಂದಿದ್ದಾ, ಕಾಯಿಲೆ ಅಂದಿದ್ದಾ?"

ಸಬೀನಾ ಎಷ್ಟೋ ಮಕ್ಕಳ ಮಿದುಳಿನ ಒಳಗನ್ನು ನೋಡಿದವಳು. ಎಲ್ಲಿ ಮಗು ಮುಗಿದು ಎಲ್ಲಿ ಕಾಯಿಲೆ ಶುರುವಾಗುತ್ತದೆ ಅನ್ನುವುದು ಆ ಚಿತ್ರಗಳಲ್ಲಿ ಎಲ್ಲೂ ಕಂಡಿರಲಿಲ್ಲ.

"ಅವನೇ ಅಂದಿದ್ದು ಅವ್ವ," ಅಂದಳು.

ಹಸಿಂತಾ ಮಗಳ ಮುಖವನ್ನೇ ನೋಡಿದಳು.

"ಸುಳ್ಳು ಹೇಳೋಕೂ ಬರಲ್ಲ ನಿನಗೆ," ಅಂದು, ಈರುಳ್ಳಿಯನ್ನು ಎತ್ತಿಕೊಂಡು ಹೆಚ್ಚತೊಡಗಿದಳು.